ಗ್ರಾಮೀಣ ಡಾಕ್ ಸೇವಕರ ಕುಟುಂಬಕ್ಕೆ ಅನುಕಂಪದ ನೌಕರಿ

ಹಿಂದೆ ಇ.ಡಿ. (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ನೌಕರನೆಂದು ಕರೆಯಲ್ಪಡುತ್ತಿದ್ದು, ಇಂದು ಗ್ರಾಮೀಣ ಡಾಕ್ ಸೇವಕನೆನಿಸಿ, ದಿನಕ್ಕೆ ನಾಲ್ಕೈದು ಗಂಟೆಗಳ ದುಡಿಮೆಗೆ ಭತ್ಯೆ ಪಡೆಯುತ್ತ ಹಳ್ಳಿಯ ಟಪ್ಪಾಲನ್ನು ನಿರ್ವಹಿಸುವವನು ಸೇವೆಯಲ್ಲಿರುವಾಗಲೇ ಕಾಲವಶನಾದರೆ, ಅವನ ಮನೆಯವರು ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಇಲಾಖೆಯ ಖಾಯಂ ನೌಕರರ ಕುಟುಂಬಗಳಿಗೆಂದು ನೇರ ನೇಮಕಾತಿಯ ಶೇಕಡ 5ರ ಮಿತಿಯೊಳಗೆ ನಡೆಯುವ ಯೋಜನೆಯು ತಮ್ಮದಲ್ಲವೆಂಬುದು. ಡಾಕ್ ಸೇವಕರಿಗೆ ಪ್ರತ್ಯೇಕ ಯೋಜನೆಯುಂಟು; ಅದರಿಂದ ಲಭಿಸುವುದೂ ಡಾಕ್ ಸೇವಕನ ಹುದ್ದೆಯೇ.

ಇದು ಹೊಲಮನೆಗಳಂತೆ ವಾರಸುದಾರರಿಗೆ ಇಳಿದುಬರುವ ಸ್ವತ್ತಲ್ಲ. ಅನುಕಂಪದ ನೇಮಕದ ಉದ್ದೇಶವು ಆಕಸ್ಮಿಕವಾಗಿ ಒದಗಿದ ಆರ್ಥಿಕ ಸಂಕಟವನ್ನು ದಾಟಿಸುವುದಷ್ಟೇ ಆಗಿದ್ದು, ಯುಕ್ತ ಕಾಲವು ಮೀರಿದ ಬಳಿಕ ಅದನ್ನು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1994ರ ಉಮೇಶ್ ಕುಮಾರ್ ನಾಗಪಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವರ್ಷದ ತಿಥಿ ಮುಗಿಯಲೆಂದು ಕಾಯುವ ನಮ್ಮ ಹಳ್ಳಿಗಳ ಸಂಕೋಚವು ಗೌರವಾರ್ಹವೇ ಆದರೂ, ಅರ್ಜಿಗೆ ಅಪಾಯಕರವೆಂದು ಹೇಳದೆ ಗತ್ಯಂತರವಿಲ್ಲ.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ನಾಡಕಚೇರಿಯಿಂದ ವಂಶವೃಕ್ಷವನ್ನು ಪಡೆದು, ಹತ್ತನೆಯ ತರಗತಿಯ ಅಂಕಪಟ್ಟಿಯನ್ನೂ ಇತರ ಅವಲಂಬಿತರ ಒಪ್ಪಿಗೆಯ ಪ್ರಮಾಣಪತ್ರವನ್ನೂ ಲಗತ್ತಿಸಿ, ಅರ್ಜಿಯನ್ನು ವಿಭಾಗದ ಅಂಚೆ ಅಧೀಕ್ಷಕರಿಗೆ ಸಲ್ಲಿಸಿ ಸ್ವೀಕೃತಿಯನ್ನು ಪಡೆಯತಕ್ಕದ್ದು. ಅಲ್ಲಿಂದ ಅದು ಬೆಂಗಳೂರಿನ ವೃತ್ತ ಕಚೇರಿಗೆ ಹೋಗುತ್ತದೆ. ಮೌಖಿಕ ಭರವಸೆಗಳನ್ನು ನೆಚ್ಚಿ ಕೂಡಬಾರದು.

ವಿವಾಹಿತ ಪುತ್ರಿಯ ವಿಷಯದಲ್ಲಿ ತೊಡಕುಂಟು. ರಾಜ್ಯ ಸರ್ಕಾರದ 1996ರ ಅನುಕಂಪ ನೇಮಕಾತಿ ನಿಯಮಗಳು ಮಗಳು ಅವಿವಾಹಿತಳಾಗಿರಬೇಕೆಂದು ವಿಧಿಸಿದ್ದನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2020ರ ಡಿಸೆಂಬರಿನಲ್ಲಿ ತಾರತಮ್ಯವೆಂದು ರದ್ದುಗೊಳಿಸಿತು. ಆ ತೀರ್ಪು ಕೇಂದ್ರದ ಅಂಚೆ ಯೋಜನೆಯನ್ನು ಕುರಿತದ್ದಲ್ಲ. ಆದರೆ ಮದುವೆಯಾದೊಡನೆ ಮಗಳು ಮಗಳಾಗಿ ಉಳಿಯಳೆಂಬ ವಾದವನ್ನು ಅದು ಅಲ್ಲಗಳೆದ ರೀತಿಯನ್ನು ಅರ್ಜಿಯಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ.

ಅರ್ಜಿಯು ತಿರಸ್ಕೃತವಾದರೆ ಕಾರಣಸಹಿತ ಲಿಖಿತ ಆದೇಶವನ್ನು ಕೇಳಬೇಕು. ಅದು ಬಾರದಿದ್ದಲ್ಲಿ ಮಾಹಿತಿ ಹಕ್ಕಿನ ಮೂಲಕ 10 ರೂಪಾಯಿ ಶುಲ್ಕ ತೆತ್ತು ಕಡತದ ನಕಲನ್ನು ಕೋರಬಹುದು. ಅನಂತರದ ದಾರಿ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ. ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅಲ್ಲಿಗೆ ಹೋಗತಕ್ಕದ್ದು. ಶುಲ್ಕವು 50 ರೂಪಾಯಿ, ಅದನ್ನು ಪೋಸ್ಟಲ್ ಆರ್ಡರಿನಲ್ಲಿಯೂ ತೆರಬಹುದು. ಮಂಡಳಿಯ ತೀರ್ಪೂ ಒಪ್ಪಿಗೆಯಾಗದಿದ್ದರೆ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದಲ್ಲಿ ರಿಟ್ ಅರ್ಜಿಗೆ ಅವಕಾಶವಿದೆ.