ಗಾಲಿಕುರ್ಚಿಗೆ ಕೈಹಾಕುವ ಮುನ್ನ
ಪುಣೆಯ ಖಡಕಿಯಲ್ಲಿ 1974ರಿಂದ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವಿದೆ. ಇಂಥ ಕಡೆಗೆ ಊರು, ಭಾಷೆ ದಾಟಿ ಸ್ವಯಂಸೇವೆಗೆ ಹೊರಟಿದ್ದೀರಾ? ಮೊದಲೇ ಬರೆದು ಅನುಮತಿ ಪಡೆಯಿರಿ, ಹಿಂದಿಯ ನಾಲ್ಕು ಮಾತು ಕಲಿಯಿರಿ. ಅದಕ್ಕಿಂತ ಮುಖ್ಯ: ಗಾಲಿಕುರ್ಚಿ ಅಲ್ಲಿನ ಸೈನಿಕರ ದೇಹದ್ದೇ ಭಾಗ. ಕೇಳದೆ ತಳ್ಳಬೇಡಿ, ಅದಕ್ಕೆ ಒರಗಬೇಡಿ, ಅವರು ಮಂಚಕ್ಕೆ ಹೋದಮೇಲೆ ಕೈಗೆಟುಕದಷ್ಟು ದೂರ ಸರಿಸಿಡಬೇಡಿ. ಪೆಟ್ಟಾದ ಜಾಗದಿಂದ ಕೆಳಗೆ ಬಿಸಿ, ನೋವು ತಿಳಿಯದಿರಬಹುದು. ತುಂಬ ಹೊತ್ತು ಅಲುಗಾಡದೆ ಕೂತರೆ ಒತ್ತಡದ ಹುಣ್ಣಾಗಬಹುದು; ಅದನ್ನು ತಪ್ಪಿಸಲು ಹರಟೆಯ ಮಧ್ಯೆ ಅವರು ತೋಳೂರಿ ಮೈ ಎತ್ತಿದರೆ ಬೇಸರವೆಂದು ತಿಳಿಯಬೇಡಿ. ಬಿಸಿ ಚಹಾದ ಲೋಟವನ್ನು ಅವರ ತೊಡೆಯ ಮೇಲಿಡಬೇಡಿ. ಗಾಯದ ಕಥೆಯನ್ನು ನೀವಾಗಿ ಕೆದಕಬೇಡಿ. ಕುರ್ಚಿ ಎಳೆದುಕೊಂಡು ಎದುರು ಕೂತೇ ಮಾತಾಡಿ. ಬರುತ್ತೇನೆಂದ ದಿನ ತಪ್ಪದೆ ಹೋಗಿ.