ದ್ರಾಕ್ಷಿ, ಹುಣಸೆ ಮತ್ತು ಮನೆಯ ನಾಯಿ: ಹತ್ತನೇ ತರಗತಿಯ ಆಮ್ಲಗಳ ಪಾಠಕ್ಕೆ ಒಂದು ವಿಸ್ತರಣಾ ಚಟುವಟಿಕೆ

ವಿಷಯ: ವಿಜ್ಞಾನ. ತರಗತಿ: 10. ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು. ಅವಧಿ: 40 ನಿಮಿಷ.

ಈ ಘಟಕದಲ್ಲಿ ನೈಸರ್ಗಿಕ ಆಮ್ಲಗಳ ಒಂದು ಕೋಷ್ಟಕವಿದೆ. ವಿನೆಗರ್‌ನಲ್ಲಿ ಅಸಿಟಿಕ್, ನಿಂಬೆಯಲ್ಲಿ ಸಿಟ್ರಿಕ್, ಹುಣಸೆಯಲ್ಲಿ ಟಾರ್ಟಾರಿಕ್, ಹುಳಿ ಮೊಸರಿನಲ್ಲಿ ಲ್ಯಾಕ್ಟಿಕ್. ಮಕ್ಕಳು ಇದನ್ನು ಒಂದು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡುತ್ತಾರೆ. ಹೆಸರು ತಿಳಿದರೆ ಏನು ಉಪಯೋಗ ಎಂಬ ಪ್ರಶ್ನೆ ಅವರಿಗೆ ಏಳುವುದಿಲ್ಲ, ಏಕೆಂದರೆ ತಿನ್ನುವ ನಮಗೆ ಎಲ್ಲವೂ ಹುಳಿಯೇ. ಹೆಸರಿನ ವ್ಯತ್ಯಾಸ ಒಂದು ಜೀವದ ಪ್ರಶ್ನೆಯಾಗುವ ಸಂದರ್ಭವೊಂದನ್ನು ಹುಡುಕುತ್ತಿದ್ದಾಗ ಸಿಕ್ಕಿದ್ದು ನಾಯಿ.

ಬೋಧನಾಭ್ಯಾಸಕ್ಕೆ ನಾನು ಹೋದ ಪ್ರೌಢಶಾಲೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಸುತ್ತ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ. ತೋಟವಿದ್ದ ಮೇಲೆ ಕಾವಲಿಗೆ ನಾಯಿ ಇದ್ದೇ ಇರುತ್ತದೆ. ಹೀಗಾಗಿ ಸಂದರ್ಭವನ್ನು ಹೊರಗಿನಿಂದ ತರಬೇಕಾಗಲಿಲ್ಲ.

ಪೂರ್ವಜ್ಞಾನ ಪರೀಕ್ಷೆಗೆ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ನಾಯಿಗೆ ಯಾವ ಹಣ್ಣು ಕೊಡುತ್ತೀರಿ?” ಬಾಳೆ, ಪಪ್ಪಾಯ, ಹಿಪ್ಪುನೇರಳೆ ಹಣ್ಣು, ದ್ರಾಕ್ಷಿ, ಕೇಸರಿಬಾತಿನಲ್ಲಿ ಉಳಿದ ಒಣದ್ರಾಕ್ಷಿ ಎಂಬ ಉತ್ತರಗಳು ಬಂದವು. ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದೆ. ಯಾವುದು ಸರಿ, ಯಾವುದು ತಪ್ಪು ಎಂದು ಆಗ ಹೇಳಲಿಲ್ಲ.

ಪರಿಶೋಧನೆಗೆ ಪ್ರತಿ ಗುಂಪಿಗೂ ನಾಲ್ಕು ರಸ ಕೊಟ್ಟೆ: ಹುಣಸೆ, ಹಸಿರು ದ್ರಾಕ್ಷಿ, ಸ್ಟ್ರಾಬೆರಿ, ನಿಂಬೆ. ಇಲ್ಲಿ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ. ಊರಿನಲ್ಲಿ ಸುಲಭವಾಗಿ ಸಿಗುತ್ತದೆಂದು ಬೆಂಗಳೂರು ನೀಲಿ ದ್ರಾಕ್ಷಿಯನ್ನೋ ಹಿಪ್ಪುನೇರಳೆ ಹಣ್ಣನ್ನೋ ಈ ಪರೀಕ್ಷೆಗೆ ಬಳಸಬೇಡಿ. ಅವುಗಳ ಆಂಥೋಸಯಾನಿನ್ ಬಣ್ಣವೇ ಆಮ್ಲದಲ್ಲಿ ಕೆಂಪಾಗಿರುವುದರಿಂದ ಲಿಟ್ಮಸ್ ಕೆಂಪಾಯಿತೋ ರಸವೇ ಕಾಗದಕ್ಕೆ ಅಂಟಿತೋ ತಿಳಿಯುವುದಿಲ್ಲ. ಸ್ಟ್ರಾಬೆರಿಯಲ್ಲೂ ಈ ತೊಂದರೆ ಸ್ವಲ್ಪ ಇದೆ. ರಸವನ್ನು ಸೋಸಿ, ನೀರು ಬೆರೆಸಿ, ತೊಟ್ಟಿನ ಸುತ್ತ ಕಾಗದದಲ್ಲಿ ಹರಡುವ ಅಂಚನ್ನು ನೋಡಬೇಕು. ನೀಲಿ ದ್ರಾಕ್ಷಿಯ ಸಿಪ್ಪೆಯನ್ನು ಬೇರೆ ದಿನ ಸ್ವಾಭಾವಿಕ ಸೂಚಕವಾಗಿ ಬಳಸಿ, ಅಡುಗೆ ಸೋಡಾ ಹಾಕಿ ಬಣ್ಣ ತಿರುಗಿಸಿ ತೋರಿಸಬಹುದು. ಅದು ಇನ್ನೂ ಚೆನ್ನಾದ ಪಾಠ.

ನಾಲ್ಕೂ ರಸಗಳು ನೀಲಿ ಲಿಟ್ಮಸ್ ಅನ್ನು ಕೆಂಪಾಗಿಸಿದವು. ಪಿಎಚ್ ಕಾಗದದಲ್ಲಿ ದ್ರಾಕ್ಷಿಗೂ ಸ್ಟ್ರಾಬೆರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆಗ ಹಲಗೆಯ ಮೇಲೆ ಎರಡು ವಾಕ್ಯ ಬರೆದೆ: “ಸ್ಟ್ರಾಬೆರಿಯನ್ನು ನಾಯಿಗೆ ಸ್ವಲ್ಪ ಕೊಡಬಹುದು. ದ್ರಾಕ್ಷಿಯನ್ನು ಒಂದೂ ಕೊಡಬಾರದು.” ತರಗತಿ ಒಪ್ಪಲಿಲ್ಲ. ಎರಡೂ ಹುಳಿ, ಎರಡೂ ಕಾಗದವನ್ನು ಒಂದೇ ಬಣ್ಣಕ್ಕೆ ತಿರುಗಿಸಿದವು. ಮತ್ತೆ ಭೇದ ಏಕೆ? ಈ ಪಾಠ ನಿಂತಿರುವುದು ಆ ಪ್ರಶ್ನೆಯ ಮೇಲೆ. ಲಿಟ್ಮಸ್ ಆಮ್ಲ ಇದೆ ಎನ್ನುತ್ತದೆ, ಪಿಎಚ್ ಎಷ್ಟು ಪ್ರಬಲ ದ್ರಾವಣ ಎನ್ನುತ್ತದೆ. ಯಾವ ಆಮ್ಲ ಎಂಬುದನ್ನು ಎರಡೂ ಹೇಳುವುದಿಲ್ಲ. ಸ್ಟ್ರಾಬೆರಿಯಲ್ಲಿ ಮುಖ್ಯವಾಗಿರುವುದು ಸಿಟ್ರಿಕ್ ಆಮ್ಲ. ದ್ರಾಕ್ಷಿಯಲ್ಲಿ ಮ್ಯಾಲಿಕ್ ಆಮ್ಲದ ಜೊತೆಗೆ ಟಾರ್ಟಾರಿಕ್ ಆಮ್ಲವೂ ಅದರ ಪೊಟ್ಯಾಸಿಯಂ ಲವಣವೂ ಇವೆ.

ವಿವರಣೆಯ ಹಂತದಲ್ಲಿ ಹೇಳಿದ್ದು ಇಷ್ಟು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ತಿಂದ ನಾಯಿಗಳಲ್ಲಿ ಮೂತ್ರಪಿಂಡ ವೈಫಲ್ಯವಾಗುವುದನ್ನು ಅಮೆರಿಕದ ಪಶು ವಿಷವೈದ್ಯರು 2001ರಲ್ಲಿ ಪಶುವೈದ್ಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಕಾರಣ ಬಹುಕಾಲ ಗೊತ್ತಾಗಲಿಲ್ಲ. ಕೀಟನಾಶಕ, ಶಿಲೀಂಧ್ರದ ವಿಷ ಎಂದೆಲ್ಲ ಶಂಕಿಸಿದ್ದರು. 2021ರಲ್ಲಿ ಅಲ್ಲಿನ ವಿಷವೈದ್ಯರೇ ಟಾರ್ಟಾರಿಕ್ ಆಮ್ಲದ ಕಡೆಗೆ ಬೆರಳು ತೋರಿಸಿದರು. ಬೇಕರಿ ಕೆಲಸಕ್ಕೆ ಬಳಸುವ ಕ್ರೀಮ್ ಆಫ್ ಟಾರ್ಟರ್ ಹಾಕಿ ಮನೆಯಲ್ಲೇ ಕಲಸಿದ ಆಟದ ಹಿಟ್ಟನ್ನು ತಿಂದ ನಾಯಿಯಲ್ಲೂ ಅದೇ ಲಕ್ಷಣ ಕಂಡದ್ದು ಸುಳಿವಾಯಿತು. ಕ್ರೀಮ್ ಆಫ್ ಟಾರ್ಟರ್ ಎಂದರೆ ಪೊಟ್ಯಾಸಿಯಂ ಬೈಟಾರ್ಟರೇಟ್, ಟಾರ್ಟಾರಿಕ್ ಆಮ್ಲದ ಲವಣ. ಘಟಕದ ಹೆಸರಿನಲ್ಲಿರುವ ಮೂರನೆಯ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಒಬ್ಬ ಹುಡುಗ ಕೋಷ್ಟಕ ನೋಡಿ, “ಹಂಗಾದ್ರೆ ಹುಣಸೆಹಣ್ಣೂ ಕೊಡಂಗಿಲ್ವಾ ಮಿಸ್?” ಎಂದ. ಇದನ್ನು ಮಕ್ಕಳ ಬಾಯಿಂದಲೇ ಬರಿಸಬೇಕು, ನಾವಾಗಿ ಹೇಳಬಾರದು. ಹುಣಸೆ ತಿಂದ ನಾಯಿಗಳಲ್ಲೂ ಮೂತ್ರಪಿಂಡದ ಹಾನಿ ವರದಿಯಾಗಿದೆ. ನಮ್ಮ ಅಡುಗೆಮನೆಯ ಮಟ್ಟಿಗೆ ಸ್ಟ್ರಾಬೆರಿಗಿಂತ ಇದೇ ದೊಡ್ಡ ವಿಷಯ: ಹುಳಿಯನ್ನ, ಗೊಜ್ಜು, ಸಾರು ಕಲಸಿದ ಅನ್ನವನ್ನು ನಾಯಿಯ ತಟ್ಟೆಗೆ ಸುರಿಯುವುದು ನಮ್ಮಲ್ಲಿ ರೂಢಿ.

ಇನ್ನೊಂದು ಪ್ರತಿಕ್ರಿಯೆ ಹೆಚ್ಚು ಸಮಯ ತೆಗೆದುಕೊಂಡಿತು. “ನಮ್ ತೋಟದ ನಾಯಿ ಉದುರಿದ ದ್ರಾಕ್ಷಿ ತಿಂತಾನೇ ಇರತ್ತೆ ಮಿಸ್, ಏನೂ ಆಗಿಲ್ಲ.” ಈ ಮಾತನ್ನು ತಳ್ಳಿಹಾಕಿದರೆ ಪಾಠ ಅಲ್ಲಿಗೆ ಮುಗಿಯುತ್ತದೆ, ಮಗು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದೆ. ಅದನ್ನೂ ದತ್ತಾಂಶವೆಂದು ಹಲಗೆಯ ಮೇಲೆ ಬರೆದು, ಎರಡೂ ನಿಜವಾಗಿರಲು ಸಾಧ್ಯವೇ ಎಂದು ಗುಂಪುಗಳಿಗೆ ಕೊಟ್ಟೆ. ಹಣ್ಣಿನ ಮಾಗುವಿಕೆ, ತಳಿ, ತಿಂದ ಪ್ರಮಾಣ, ನಾಯಿಯ ತೂಕ ಎಂದು ಅವರೇ ಪಟ್ಟಿ ಮಾಡಿದರು. ಟಾರ್ಟಾರಿಕ್ ಆಮ್ಲದ ಪ್ರಮಾಣ ತಳಿಯಿಂದ ತಳಿಗೆ, ಕಾಯಿಯಿಂದ ಹಣ್ಣಿಗೆ ಬದಲಾಗುವುದು ನಿಜ. ಒಣದ್ರಾಕ್ಷಿಯ ಲೆಕ್ಕವನ್ನೂ ಅವರೇ ಮಾಡಿದರು: ಸುಮಾರು 4 ಕೆ.ಜಿ. ಹಣ್ಣು ಒಣಗಿ 1 ಕೆ.ಜಿ. ಆಗುತ್ತದೆ, ನೀರು ಹೋದರೂ ಆಮ್ಲ ಉಳಿಯುತ್ತದೆ. ಯಾವ ನಾಯಿಗೆ ಎಷ್ಟು ತಿಂದರೆ ಅಪಾಯ ಎಂದು ಮುಂಚೆಯೇ ಹೇಳಲು ಬಾರದ ಕಡೆ ಸುರಕ್ಷಿತ ಪ್ರಮಾಣ ಸೊನ್ನೆ ಎಂಬ ತೀರ್ಮಾನಕ್ಕೆ ತರಗತಿಯೇ ಬಂತು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಹೋದ ವರ್ಷ ತಮ್ಮ ನಾಯಿ ವಾಂತಿ ಮಾಡಿ, ಮೂತ್ರ ನಿಂತು ಸತ್ತಿತು, ಅದಕ್ಕೆ ದ್ರಾಕ್ಷಿ ಹಾಕುತ್ತಿದ್ದದ್ದು ತಾನೇ ಎಂದಳು. ಇಂಥ ಪಾಠ ಮಾಡುವವರು ಈ ಪ್ರಶ್ನೆಗೆ ಸಿದ್ಧರಾಗಿಯೇ ಹೋಗಬೇಕು. ವಾಂತಿ, ಮಂಕು, ಊಟ ಬಿಡುವುದು ಮೊದಲ ದಿನದಲ್ಲೇ ಕಾಣುತ್ತವೆ. ಮೂತ್ರ ಕಡಿಮೆಯಾಗುವುದು ಒಂದೆರಡು ದಿನದ ಮೇಲೆ. ಆದರೆ ಇಲಿಜ್ವರದಲ್ಲೂ ನಾಯಿಯ ಮೂತ್ರಪಿಂಡ ಹೀಗೆಯೇ ಕೆಡುತ್ತದೆ. ರಕ್ತ ಪರೀಕ್ಷೆಯಿಲ್ಲದೆ, ಲಕ್ಷಣ ಒಂದನ್ನೇ ಹಿಡಿದು ಕಾರಣ ಹೇಳಲಾಗುವುದಿಲ್ಲ ಎಂದೆ. ಅದು ಸಮಾಧಾನದ ಮಾತಲ್ಲ, ವಿಜ್ಞಾನದ ಉತ್ತರವೇ. ತಜ್ಞರಿಗೇ ಕಾರಣದ ಸುಳಿವು 2021ರಲ್ಲಿ ಸಿಕ್ಕಿತು ಎಂಬುದನ್ನು ಅವಳಿಗೆ ಮತ್ತೊಮ್ಮೆ ತೋರಿಸಿದೆ. ಈಗ ಇರುವ ನಾಯಿಗೆ ಏನು ಕೊಡಬಹುದು ಎಂದು ಅವಳೇ ಮುಂದಿನ ಪ್ರಶ್ನೆ ಕೇಳಿದಳು.

ಅದರ ಉತ್ತರವೇ ವಿಸ್ತರಣೆಯ ಹಂತ. ಸ್ಟ್ರಾಬೆರಿ, ಹಿಪ್ಪುನೇರಳೆ ಹಣ್ಣು, ಪೇಟೆಯ ಅಂಗಡಿಗಳಲ್ಲಿ ಸಿಗುವ ಬ್ಲೂಬೆರಿ: ತೊಳೆದು, ತೊಟ್ಟು ತೆಗೆದು, ಚಿಕ್ಕದಾಗಿ ಹೆಚ್ಚಿ ಅಪರೂಪಕ್ಕೆ ಕೊಡಬಹುದು. ನೇರಳೆ, ನೆಲ್ಲಿಯ ಬೀಜ ಗಂಟಲಿಗೋ ಕರುಳಿಗೋ ಸಿಕ್ಕಿಕೊಳ್ಳುವ ಭಯವಿರುವುದರಿಂದ ಇಡೀ ಹಣ್ಣು ಹಾಕಬಾರದು. ಜಾಮ್ ಬೇಡ, ಸಕ್ಕರೆರಹಿತ ಎಂದು ಬರೆದ ತಿನಿಸುಗಳಲ್ಲಿ ಜೈಲಿಟಾಲ್ ಇದ್ದರೆ ನಾಯಿಯ ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ. ಬೇಲಿಯ ಗಣಿಕೆ, ಲಂಟಾನ ಕಾಯಿಗಳಂತೂ ಬೇಡವೇ ಬೇಡ, ಹಸಿರು ಕಾಯಿಯಲ್ಲಿ ವಿಷಾಂಶವಿದೆ.

ಪ್ರಮಾಣಕ್ಕೆ ಒಂದು ಸಣ್ಣ ಲೆಕ್ಕ ಕೊಟ್ಟೆ. 10 ಕೆ.ಜಿ. ತೂಕದ ನಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಬೇಕು. ಊಟದ ಹೊರಗಿನ ತಿನಿಸೆಲ್ಲ ಸೇರಿ ಇದರ ಶೇಕಡ 10 ಮೀರಬಾರದು ಎಂಬುದು ಪಶುವೈದ್ಯರು ಹೇಳುವ ಅಳತೆ, ಅಂದರೆ 60. ಒಂದು ಸಾಧಾರಣ ಸ್ಟ್ರಾಬೆರಿ 4 ಕಿಲೋಕ್ಯಾಲೊರಿ. ಮಕ್ಕಳು 15 ಎಂದು ಉತ್ತರಿಸಿದರು. ಗಣಿತ ಸರಿ, ಆದರೆ ಅಷ್ಟು ಹಾಕಿದರೆ ನಾಯಿಗೆ ಭೇದಿ ಹಿಡಿಯುತ್ತದೆ; ಎರಡು ಮೂರು ಸಾಕು. ಮೂರು ಗ್ಲೂಕೋಸ್ ಬಿಸ್ಕತ್ತಿಗೇ ಆ 60 ಮುಗಿದುಹೋಗುತ್ತದೆ ಎಂಬುದು ಅವರನ್ನು ಹೆಚ್ಚು ಬೆರಗುಗೊಳಿಸಿತು.

ಸಮಯವಿದ್ದರೆ ಸಸ್ಯಶಾಸ್ತ್ರವನ್ನೂ ಸೇರಿಸಬಹುದು. ಸಸ್ಯಶಾಸ್ತ್ರದ ಪ್ರಕಾರ ದ್ರಾಕ್ಷಿ, ಟೊಮೆಟೊ, ಬಾಳೆ, ಗಣಿಕೆ ನಿಜವಾದ ಬೆರ್ರಿಗಳು: ಒಂದು ಹೂವಿನ ಅಂಡಾಶಯವೇ ತಿರುಳಾದವು. ಸ್ಟ್ರಾಬೆರಿ ಬೆರ್ರಿಯೇ ಅಲ್ಲ. ಅದರ ತಿರುಳು ಹೂವಿನ ಪೀಠಭಾಗ, ಮೇಲಿನ ಚುಕ್ಕೆಗಳೇ ಹಣ್ಣುಗಳು. ಹೆಸರಿನಲ್ಲಿ ಬೆರ್ರಿ ಇದ್ದದ್ದು ನಾಯಿಗೆ ಸರಿ, ನಿಜವಾದ ಬೆರ್ರಿಯಾದ ದ್ರಾಕ್ಷಿ ಅಪಾಯ. ನನ್ನ ಅವಧಿಯಲ್ಲಿ ಇದಕ್ಕೆ ಎರಡೇ ನಿಮಿಷ ಉಳಿದಿತ್ತು.

ಮೌಲ್ಯಮಾಪನಕ್ಕೆ ಕೋಷ್ಟಕದ ಪ್ರಶ್ನೆ ಕೇಳಲಿಲ್ಲ. “ನಿಮ್ಮ ನಾಯಿ ಒಣದ್ರಾಕ್ಷಿ ಪೊಟ್ಟಣ ತಿಂದಿದೆ, ಓಡಾಡಿಕೊಂಡಿದೆ. ಏನು ಮಾಡುತ್ತೀರಿ? ಏಕೆ?” ಎಂದು ಕೇಳಿದೆ. ಲಕ್ಷಣ ಕಾಣುವವರೆಗೆ ಕಾಯಬಾರದು ಎಂದು ಬಹುತೇಕರು ಬರೆದರು. ಕೆಲವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಾಗಿ ಬರೆದಿದ್ದರು. ಉಪ್ಪು ಹೆಚ್ಚಾದರೆ ಅದೇ ಇನ್ನೊಂದು ವಿಷವಾಗುವುದರಿಂದ ಮರುದಿನ ಈ ಉತ್ತರವನ್ನು ಪ್ರತ್ಯೇಕವಾಗಿ ಚರ್ಚಿಸಬೇಕಾಯಿತು. ಎಷ್ಟು, ಯಾವಾಗ ತಿಂದಿತು ಎಂದು ಬರೆದುಕೊಂಡು ಕೂಡಲೇ ಪಶು ಆಸ್ಪತ್ರೆಗೆ ಒಯ್ಯಬೇಕು. ಪಶುವೈದ್ಯಕೀಯ ಸಹಾಯವಾಣಿ 1962.

ಮನೆಗೆಲಸಕ್ಕೆ ಒಂದು ಎಚ್ಚರಿಕೆ ಸೇರಿಸಿ. ಹಣ್ಣು ತಿನ್ನಿಸಿ ನೋಡಿ ಎಂದು ಹೇಳಬಾರದು, ಬೀದಿನಾಯಿಗೆ ಕೈಯಿಂದ ಕೊಡಬಾರದು, ಕಚ್ಚಿದರೆ ರೇಬೀಸ್ ಭಯವಿದೆ. ನಾನು ಕೊಟ್ಟ ಕೆಲಸ ಇಷ್ಟೇ: ಒಂದು ವಾರ ಮನೆಯ ನಾಯಿಯ ತಟ್ಟೆಗೆ ಬಿದ್ದದ್ದನ್ನೆಲ್ಲ ಬರೆದು, ಪ್ರತಿಯೊಂದರ ಎದುರು ಅದರಲ್ಲಿರುವ ಆಮ್ಲದ ಹೆಸರು ಗೊತ್ತಿದ್ದರೆ ಗುರುತಿಸುವುದು. ಹುಣಸೆ ಬಹಳ ಪಟ್ಟಿಗಳಲ್ಲಿ ಬಂದಿತ್ತು.