ತೆರೆಯ ಚಿತ್ರವೂ ಬಾಯಿಯ ಕಥೆಯೂ

ಓದತಕ್ಕ ವೇದಭಾಗಗಳು: 2 ಸಮುವೇಲ 12:1–13, ಲೂಕ 15:11–32, ಅಪೊಸ್ತಲರ ಕೃತ್ಯಗಳು 8:26–35.

ಸುಗ್ಗಿ ತೀರಿದ ಮೇಲೆ ಅನೇಕ ಗ್ರಾಮಸಭೆಗಳವರು ಬೈಲಿನಲ್ಲಿ ಬಿಳಿಯ ತೆರೆಯನ್ನು ಕಟ್ಟಿ ಯೇಸುಸ್ವಾಮಿಯ ಚರಿತ್ರೆಯ ಚಲನಚಿತ್ರವನ್ನು ತೋರಿಸುವದುಂಟು. ಕೆಲವರು ಇದನ್ನು ಬರೇ ಆಟವೆಂದು ಜರೆಯುತ್ತಾರೆ. ಕೆಲವರು ಇದೊಂದಿದ್ದರೆ ಉಪದೇಶಿಯೇ ಬೇಡವೆನ್ನುತ್ತಾರೆ. ಈ ಎರಡು ಮಾತುಗಳೂ ನಮಗೆ ಸರಿಕಾಣುವದಿಲ್ಲ.

ಕಥೆಯಿಂದ ಬೋಧಿಸುವದು ಹೊಸ ರೀತಿಯಲ್ಲ. ನಾತಾನನು ದಾವೀದನ ಮುಂದೆ ನಿಂತು ಗದರಿಕೆಯಿಂದ ಆರಂಭಿಸಲಿಲ್ಲ. ಬಡವನೊಬ್ಬನು ಮಕ್ಕಳ ಸಂಗಡ ಸಾಕಿದ ಒಂದೇ ಕುರಿಮರಿಯನ್ನೂ ಅದನ್ನು ಕಸುಕೊಂಡ ಐಶ್ವರ್ಯವಂತನನ್ನೂ ಕುರಿತು ಹೇಳಿದನು. ಅರಸನು ಕೋಪಗೊಂಡು ತೀರ್ಪು ಕೊಟ್ಟನು; ಅದು ತನ್ನ ತಲೆಯ ಮೇಲೆಯೇ ಬಿತ್ತೆಂದು ಆಮೇಲೆ ತಿಳಿದನು. ಪ್ರವಾದಿಯು ಕಥೆಯನ್ನಷ್ಟೇ ಹೇಳಿ ಹೊರಟುಹೋಗಿದ್ದರೆ, ದಾವೀದನು ಆ ಐಶ್ವರ್ಯವಂತನನ್ನು ಹುಡುಕಿಸುತ್ತಿದ್ದನೇ ಹೊರತು ತನ್ನನ್ನು ತಾನು ಹುಡುಕುತ್ತಿರಲಿಲ್ಲ.

ನಮ್ಮ ನಾಡಿನ ಹಿರಿಯರೂ ಇದನ್ನು ಅರಿತಿದ್ದರು. ಕಿಟ್ಟೆಲ್ ಅಯ್ಯನವರು 1862ರಲ್ಲಿ ‘ಕಥಾಮಾಲೆ’ಯೆಂಬ ಕಾವ್ಯದಲ್ಲಿ ಕ್ರಿಸ್ತಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ ರಚಿಸಿದರು. ಮಹಾರಾಷ್ಟ್ರದಲ್ಲಿ ನಾರಾಯಣ ವಾಮನ ತಿಲಕರು ಕೀರ್ತನೆಯ ಪದ್ಧತಿಯನ್ನು ಸುವಾರ್ತೆಗೆ ಬಳಸಿದರು. ಚಲನಚಿತ್ರಗಳು ತರುವಾಯ ಬಂದವು. 1978ರಲ್ಲಿ ತೆಲುಗಿನ ‘ಕರುಣಾಮಯುಡು’, 1979ರಲ್ಲಿ ಲೂಕನ ಸುವಾರ್ತೆಯನ್ನು ಅನುಸರಿಸಿದ ‘ಜೀಸಸ್’ ಎಂಬ ಚಿತ್ರ. ಈ ಎರಡನೆಯದು ಕನ್ನಡವೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತಾಡುತ್ತದೆ.

ಆದರೆ ನೋಡುವವನು ತನ್ನ ಮನಸ್ಸನ್ನು ಸಂಗಡ ತಂದಿರುತ್ತಾನೆ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ಹೊರತಂದ ಫಾಳ್ಕೆಯವರು ಅದಕ್ಕೆ ಮುಂಚೆ ಮುಂಬಯಿಯಲ್ಲಿ ಕ್ರಿಸ್ತಚರಿತ್ರೆಯ ಚಿತ್ರವನ್ನು ನೋಡುತ್ತಿದ್ದಾಗ, ತಮ್ಮ ಮನಸ್ಸಿನ ಕಣ್ಣಿಗೆ ಕೃಷ್ಣನೂ ರಾಮನೂ ಕಂಡರೆಂದು ತಾವೇ ಬರೆದಿದ್ದಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ತೆರೆಯು ತೋರಿಸೀತು, ಕಂಡದ್ದೇನೆಂದು ಕೇಳಲಾರದು.

ಇದನ್ನು ನಾವು ನಾಚಿಕೆಯಿಂದ ಕಲಿತೆವು. ಒಂದು ಗ್ರಾಮದಲ್ಲಿ, ಸ್ವಾಮಿಯನ್ನು ಶಿಲುಬೆಗೆ ಹಾಕುವ ಭಾಗವು ನಡೆಯುತ್ತಿರುವಾಗಲೇ ಅಕಾಲದ ಮಳೆ ಹೊಯ್ಯಿತು. ತೆರೆಯನ್ನು ಸುತ್ತಿ, ಯಂತ್ರವನ್ನು ಗೋಣಿಯಿಂದ ಮುಚ್ಚಿ, ಅದು ನೆನೆಯದೆ ಉಳಿಯಿತೆಂದು ದೇವರನ್ನು ಸ್ತುತಿಸಿ ಮಲಗಿದೆವು. ಕಥೆಯು ಅರ್ಧದಲ್ಲಿ ನಿಂತಿತೆಂಬದು ನಮ್ಮ ನೆನಪಿಗೇ ಬರಲಿಲ್ಲ! ಮೂರು ದಿನಗಳಾದ ಮೇಲೆ ಬಾವಿಕಟ್ಟೆಯಲ್ಲಿ ಒಬ್ಬ ಮುದುಕಿಯು ನಮ್ಮನ್ನು ನಿಲ್ಲಿಸಿ, “ಅಯ್ಯಾ, ಅಂಥಾ ಒಳ್ಳೇ ಮನುಷ್ಯನನ್ನು ಕೊಂದುಬಿಟ್ಟರಲ್ಲಾ! ಆ ತಾಯಿಯನ್ನು ಆಮೇಲೆ ಯಾರು ನೋಡಿಕೊಂಡರು?” ಎಂದು ಕೇಳಿದಳು. ಮೂರು ದಿನವೂ ಆ ಊರವರನ್ನು ಮುಚ್ಚಿದ ಸಮಾಧಿಯ ಬಳಿಯಲ್ಲಿಯೇ ಬಿಟ್ಟುಬಂದಿದ್ದೆವು. ಕಟ್ಟೆಯ ಮೇಲೆ ಕೂತು, ಸ್ವಾಮಿಯು ತನ್ನ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿಕೊಟ್ಟದ್ದನ್ನು ಮೊದಲು ಹೇಳಿದೆವು. ಆಮೇಲೆ ವಾರದ ಮೊದಲನೆಯ ದಿನದ ಬೆಳಗಿನ ಸಂಗತಿಯನ್ನು ಹೇಳಿದೆವು. ನೀರಿಗೆ ಬಂದ ಹೆಂಗಸರು ಕೊಡಗಳನ್ನು ಇಳಿಸಿ ನಿಂತರು. ಅವರು ಆ ಹೊತ್ತು ಕೇಳಿದಷ್ಟು ಪ್ರಶ್ನೆಗಳನ್ನು ತೆರೆಯ ಮುಂದೆ ಯಾರೂ ಕೇಳಿರಲಿಲ್ಲ. ಫಿಲಿಪ್ಪನು ರಥವನ್ನು ಹತ್ತಿ ಕಂಚುಕಿಯ ಪಕ್ಕದಲ್ಲಿ ಕೂತದ್ದರ ಅರ್ಥವು ನಮಗೆ ಆ ಕಟ್ಟೆಯ ಮೇಲೆ ತಿಳಿಯಿತು.

ಇನ್ನೊಂದನ್ನು ಸಂಕೋಚವಿಲ್ಲದೆ ಹೇಳಬೇಕು. ಕುರುಡನು ದೃಷ್ಟಿಹೊಂದುವ ಭಾಗ ಬಂದಾಗ, ರೋಗಿಗಳಿರುವ ಮನೆಯವರು ಮುಂದಕ್ಕೆ ಸರಿದು ಕೂತುಕೊಳ್ಳುತ್ತಾರೆ. ನಾಳೆಯೇ ನಿಮಗೂ ಹೀಗಾಗುವದೆಂದು ಅವರಿಗೆ ಮಾತುಕೊಡುವದು ಸುಳ್ಳು. ಅವರ ಔಷಧವನ್ನು ಬಿಡಿಸುವದು ಪಾಪ. ಅವರ ಮನೆಗೆ ಹೋಗಿ ಪ್ರಾರ್ಥಿಸಿರಿ, ಆಸ್ಪತ್ರೆಗೆ ಸಂಗಡ ಹೋಗಿರಿ. ನಟನ ಚಿತ್ರಕ್ಕೆ ಹೂಮಾಲೆ ಹಾಕುವವರನ್ನು ಬೈಯದೆ, ಅವನೂ ನಮ್ಮಂಥ ಮನುಷ್ಯನೆಂದು ಮೆಲ್ಲನೆ ತಿಳಿಸಿರಿ. ಊರಿನ ಹಿರಿಯರ ಒಪ್ಪಿಗೆಯಿಲ್ಲದೆ ತೆರೆ ಕಟ್ಟಬೇಡಿರಿ. ರಾತ್ರಿ 10 ಗಂಟೆಗೆ ಮುಂಚೆ ಧ್ವನಿವರ್ಧಕವನ್ನು ನಿಲ್ಲಿಸಿರಿ.

ಈಗ ನಾವು ಪುನರುತ್ಥಾನದ ಭಾಗ ಮುಗಿಯದೆ ಜನರನ್ನು ಕಳುಹಿಸುವದಿಲ್ಲ. ಮಳೆ ಬಂದರೆ ಜಗಲಿಗೆ ಕರೆದು ಬಾಯಿಂದಲೇ ಮುಗಿಸುತ್ತೇವೆ. ಇದಕ್ಕೆ ಅಭ್ಯಾಸ ಬೇಕು. ಆದದರಿಂದ ಮುಂದಿನ ಮನೆಕೂಟದಲ್ಲಿ ಲೂಕ 15ರ ಇಬ್ಬರು ಮಕ್ಕಳ ಸಾಮ್ಯವನ್ನು, ಪುಸ್ತಕವನ್ನು ಮುಚ್ಚಿಟ್ಟು, ಒಬ್ಬರಿಂದ ಹೇಳಿಸಿರಿ. ಹಿರಿಯ ಮಗನು ಕಡೆಗೆ ಮನೆಯೊಳಗೆ ಹೋದನೋ ಇಲ್ಲವೋ ಎಂದು ಸ್ವಾಮಿಯು ಹೇಳಲಿಲ್ಲ, ನೀವೂ ಹೇಳಬೇಡಿರಿ. ಕೂಟದವರನ್ನೇ ಕೇಳಿ, ಅವರು ಬಾಯಿ ತೆರೆಯುವ ತನಕ ಸುಮ್ಮನಿರಿ.